ಆಪರೇಷನ್ನಿನ ಹಿಂದಿನ ದಿನ

ಇಗರ್ಜಿಯಲ್ಲಿ, ಊರಿನ ಚರ್ಚಿನಲ್ಲಿ, ಮೂವತ್ತು ವರ್ಷ ಹಾಡಿದ್ದ ಐವಿಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಸೋಮವಾರ ಆಪರೇಷನ್. ಸ್ವರ ಹೋಗುತ್ತದೆ, ಜೀವದ ಬಗ್ಗೆ ಈಗಲೇ ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರು. ಭಾನುವಾರ ಬೆಳಿಗ್ಗೆ ಅವಳು ಬಲಿಪೂಜೆಯ ಆರಾಧನೆಯಲ್ಲಿ ಹಾಡಲು ಹೊರಟಳು.

ಹಂಪನಕಟ್ಟೆಯ ಬಸ್ಸಿನಲ್ಲಿ ಮಗಳು ಶರಲ್ ಕೇಳಿದಳು: "ಸ್ವರ ಕಿತ್ತುಕೊಳ್ಳುವ ದೇವರನ್ನು ಎಂತಕ್ಕೆ ಹೊಗಳುವುದು, ಮಮ್ಮಿ?"

"ಅವನು ಉಳಿಸಲಿ ಅಂತ ನಾನು ಹಾಡುವುದಲ್ಲ. ನನ್ನನ್ನು ಸೃಷ್ಟಿ ಮಾಡಿದವನು ಅವನು, ನನಗೋಸ್ಕರ ಶಿಲುಬೆಯಲ್ಲಿ ಸತ್ತವನೂ ಅವನೇ. ನಾಳೆ ನನಗೆ ಎಂತ ಆದರೂ ಅದು ಸುಳ್ಳಾಗುವುದಿಲ್ಲ."

ಇಗರ್ಜಿಯಲ್ಲಿ ಎರಡನೇ ಚರಣಕ್ಕೆ ಐವಿಯ ಸ್ವರ ಒಡೆಯಿತು. ಬಾಯಿಗೆ ಒತ್ತಿದ ಕರ್ಚೀಫಿನಲ್ಲಿ ರಕ್ತ ಕಂಡಿತು. ಆರ್ಗನ್ ನುಡಿಸುವವರು ಹೆದರಿ ನಿಲ್ಲಿಸಿದಾಗ, ಮುಂದುವರಿಸಿ ಎಂದು ಅವಳು ಕೈಸನ್ನೆ ಮಾಡಿ, ಒಡೆದ ಸ್ವರದಲ್ಲೇ ಹಾಡತೊಡಗಿದಳು. ಶರಲ್ ಹಾಡಲಿಲ್ಲ; ಬೆಂಚಿನಿಂದ ಎದ್ದು ಬಂದಳು. ಅಮ್ಮನ ತಣ್ಣಗಿನ ಕೈ ಹಿಡಿದು, ಹಾಡು ಮುಗಿಯುವವರೆಗೆ ಪಕ್ಕದಲ್ಲಿ ನಿಂತಳು.