ಸಣ್ಣ ಮುಖದ ಅಚ್ಚು

ಗುಬ್ಬಿ ಎಂಬುದು ಮನೆಯವರಿಟ್ಟ ಹೆಸರು. ಎರಡು ತುತ್ತು ಕುಕ್ಕಿ ಎದ್ದುಬಿಡುವ ಹುಡುಗಿಗೆ ಬೇರೇನು ಹೆಸರಿಡುವುದು? ಗಡಿಯಾರ ರಿಪೇರಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಊಟದ ಡಬ್ಬಿ ಹೋದ ಹಾಗೆಯೇ ವಾಪಸು ಬರುತ್ತಿತ್ತು. ತಲೆಯೊಳಗಿನ ಗಡ್ಡೆ ಅವಳ ಎಡಗಣ್ಣನ್ನು ಆಗಲೇ ತಿಂದಿತ್ತು. ಈಗ ಬಲಗಣ್ಣಿನ ನರದ ಹತ್ತಿರ ಬಂದಿತ್ತು.

"ಅಷ್ಟು ಆಳಕ್ಕೆ ಕತ್ತಿ ಹಾಕೋಕಾಗಲ್ಲ," ಎಂದರು ಡಾಕ್ಟರು. "ರೋಬೋ ಕೈ ಸುತ್ತ ತಿರುಗಿ ಎಲ್ಲ ಕಡೆಯಿಂದ ಕಿರಣ ಬಿಡುತ್ತೆ. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಗಡ್ಡೆಗೂ ನರಕ್ಕೂ ನಡುವೆ ಚೂರು ಜಾಗ ಇದೆ. ಆ ಕಣ್ಣು ಉಳಿಸ್ಕೋಬಹುದು."

ತಲೆ ಅಲುಗದಂತೆ ಹಿಡಿಯಲು ಮುಖವಾಡ ಬೇಕಿತ್ತು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆಳೆದು ಅಚ್ಚು ತೆಗೆದರು. ಅದು ಗಟ್ಟಿಯಾದಾಗ ಗುಬ್ಬಿಯ ಚೂಪು ಗಲ್ಲ, ಒಳಸೇರಿದ ಕೆನ್ನೆ ಹಾಗೆಯೇ ಮೂಡಿದ್ದವು. ಅಷ್ಟರಲ್ಲಿ ಕಿರಣದ ಯಂತ್ರ ಕೆಟ್ಟಿತು. ಗಡ್ಡೆಯ ಸುತ್ತಲಿನ ಬಾವು ಇಳಿಯಲು ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಮಾತ್ರೆಯಿಂದ ಹಸಿವು ಕೆರಳಿತು. ತುತ್ತಿಗೊಂದು ಕತೆ ಕಟ್ಟಿ ಉಣಿಸಿ ಬೆಳೆಸಿದ ಅಮ್ಮನಿಗೆ ಈಗ ಒಲೆ ಆರಿಸಲು ಪುರುಸೊತ್ತಿಲ್ಲ. ಮೊಟ್ಟೆ ಬೇಯಿಸಿದಳು, ಬ್ರೆಡ್ಡು ಕಾಯಿಸಿದಳು. "ಇನ್ನೇನಿದೆ ಅಮ್ಮಾ?" ಎಂದು ಮಗಳು ತಟ್ಟೆ ಚಾಚಿದರೆ ಜೀವಕ್ಕೆ ತಂಪು.

"ಅಕ್ಕಾ, ನಿನ್ನ ಗುಬ್ಬಿ ಪಾರಿವಾಳ ಆಗಿದಾಳಲ್ಲೇ!" ಎಂದಳು ಚಿಕ್ಕಮ್ಮ.

"ಕಣ್ಣು ಹಾಕ್ಬೇಡ ಕಣೇ."

"ಚಿಕ್ಕಮ್ಮಾ, ನೀನು ಆನೆ ಆದಾಗ ನಾನೇನಾದ್ರೂ ಅಂದಿದ್ನಾ?" ಎಂದಳು ಗುಬ್ಬಿ.

ಆಸ್ಪತ್ರೆಯ ನರ್ಸು ಫೋನು ಮಾಡಿದಳು. "ಆ ಮಾತ್ರೆಗೆ ಮುಖ ಊದಿದೆಯಾ ಅಮ್ಮಾ? ಊದಿದ್ರೆ ಈಗಲೇ ಬನ್ನಿ, ಹೊಸ ಅಚ್ಚು ತೆಗೀಬೇಕು."

ಅಮ್ಮ ಮಗಳ ದುಂಡು ಕೆನ್ನೆಗಳನ್ನು ನೋಡಿದಳು. "ಇಲ್ಲಮ್ಮ. ಈಗಷ್ಟೇ ಮೈ ಹಿಡೀತಿದಾಳೆ," ಎಂದಳು. ಸುಳ್ಳು ಹೇಳಿದೆನೆಂದು ಅವಳಿಗೆ ಅನಿಸಲಿಲ್ಲ.

ಯಂತ್ರ ಸರಿಹೋದ ದಿನ ಮುಖವಾಡ ಕೂರಲಿಲ್ಲ. "ಒತ್ತಿ, ತಡ್ಕೋತೀನಿ," ಎಂದಳು ಗುಬ್ಬಿ. ಒತ್ತಿದರು. ಕೆನ್ನೆಯ ಮೇಲೆ ಜಾಲರಿಯ ಕೆಂಪು ಗೆರೆಗಳೆದ್ದವೇ ಹೊರತು ಕೊಂಡಿ ಬೀಳಲಿಲ್ಲ. ಮತ್ತೆ ಅಚ್ಚು, ಮತ್ತೆ ಸರದಿ. ವಾರಗಳು ಕಳೆದು ಹೊಸ ಸ್ಕ್ಯಾನ್ ಆದಾಗ ಆ ಚೂರು ಜಾಗ ಉಳಿದಿರಲಿಲ್ಲ.

"ಗಡ್ಡೆ ನರಕ್ಕೆ ಅಂಟಿದೆ," ಎಂದರು ಡಾಕ್ಟರು. "ಪೂರ್ತಿ ಕಿರಣ ಕೊಟ್ರೆ ಕಣ್ಣು ಹೋಗಬಹುದು. ಕಡಿಮೆ ಕೊಟ್ರೆ ಗಡ್ಡೆ ಬೆಳೆಯುತ್ತೆ."

"ನರ್ಸು ಫೋನು ಮಾಡಿದ ಅವತ್ತೇ ಬಂದಿದ್ರೆ?" ಅಮ್ಮ ಕೇಳಿದಳು.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಈಗ ಅದನ್ನ ಕೇಳಿ ಏನು ಮಾಡ್ತೀರಮ್ಮ?"

"ಪೂರ್ತಿ ಕೊಡಿ," ಎಂದಳು ಗುಬ್ಬಿ.

ಹೊರಗಿನ ಪರದೆಯಲ್ಲಿ ಅಮ್ಮ ನೋಡಿದಳು. ಬಿಳಿ ತೋಳು ಮಗಳ ತಲೆಯತ್ತ ಬಗ್ಗಿತು, ನಿಂತಿತು, ಇನ್ನೊಂದು ಮಗ್ಗುಲಿಗೆ ಸರಿದು ಮತ್ತೆ ಬಗ್ಗಿತು. ಗುಬ್ಬಿ ಎದ್ದು ಬಂದು, "ಏನೂ ನೋವಾಗ್ಲಿಲ್ಲಮ್ಮ, ನಿದ್ದೆ ಬಂದಿತ್ತು," ಎಂದಳು.

ಗಡ್ಡೆ ನಿಂತಿತು. ಮಾತ್ರೆ ನಿಂತಿತು, ಹಸಿವೂ ನಿಂತಿತು. ವರ್ಷ ತುಂಬುವುದರೊಳಗೆ ಕಣ್ಣೂ ಮಬ್ಬಾಗುತ್ತಾ ಆಗುತ್ತಾ ಆರಿಹೋಯಿತು. ಅಂಗಡಿಯವರು ಬಂದು ಭೂತಗನ್ನಡಿಯನ್ನು ಅವಳ ಕೈಗಿತ್ತು, ಕೂರದೆ ಹೋದರು.

ಒಂದು ಮಧ್ಯಾಹ್ನ ಟವೆಲಿಗಾಗಿ ಕಪಾಟು ತಡವುವಾಗ ಗುಬ್ಬಿಯ ಕೈಗೆ ಜಾಲರಿ ಸಿಕ್ಕಿತು. ಆಸ್ಪತ್ರೆಯವರು ಎಸೆಯಲಿದ್ದ ಮೊದಲ ಮುಖವಾಡವನ್ನು ಅಮ್ಮ ಕೇಳಿ ತಂದಿಟ್ಟಿದ್ದಳು. ಗಡಿಯಾರದ ಮುಳ್ಳುಗಳನ್ನು ಕೂರಿಸಿ ಪಳಗಿದ ಬೆರಳುಗಳು ಅದರ ಗಲ್ಲ, ಕೆನ್ನೆಗಳನ್ನು ಓದಿದವು.

"ನರ್ಸಿಗೆ ನೀನು ಇಲ್ಲ ಅಂದಿದ್ದು ನಂಗೆ ಕೇಳಿಸ್ತು ಅಮ್ಮ," ಎಂದಳು. "ಆಗಷ್ಟೇ ಕನ್ನಡಿ ನೋಡ್ಕೊಂಡಿದ್ದೆ. ಕೆನ್ನೆ ತುಂಬಿ ಚೆಂದ ಕಾಣ್ತಿದ್ದೆ. ನಾನೂ ಸುಮ್ಮನಿದ್ದೆ."

ಅಮ್ಮನ ಕೈಯಲ್ಲಿ ತಟ್ಟೆಯಿತ್ತು. ಬೆಳಗಿನ ಬ್ರೆಡ್ಡು ಹಾಗೆಯೇ ಉಳಿದಿತ್ತು.

ಗುಬ್ಬಿ ಮುಖವಾಡವನ್ನು ಮೆಲ್ಲಗೆ ಮುಖಕ್ಕೇರಿಸಿದಳು. ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಸಡಿಲವಿರಲಿಲ್ಲ.

"ಈಗ ಕೂತಿತಲ್ಲಾ?" ಒಳಗಿನಿಂದ ಕೇಳಿದಳು.

"ಕೂತಿತು ಮಗಳೇ," ಎಂದಳು ಅಮ್ಮ.