ಗಾಡಿ ಕಟ್ಟಿ ನೋಡಿದ ಕಂಪ್ಯೂಟರು

ಚಿಕ್ಕಸ್ವಾಮಿ ಕಂಪ್ಯೂಟರಿನ ಹಿಂಬದಿಗೆ ಅಂಗೈ ಒಡ್ಡಿಕೊಂಡು ನಿಂತು ಐದು ನಿಮಿಷವಾಗಿತ್ತು. ಅಲ್ಲಿನ ತೂತುಗಳಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು. ಒಮ್ಮೆ ಬಲಗೈ ಒಡ್ಡಿದ, ಒಮ್ಮೆ ಎಡಗೈ ಒಡ್ಡಿದ, ಆಮೇಲೆ ಬಗ್ಗಿ ಕಿವಿ ಕೊಟ್ಟ. ಅಂಗಡಿಯ ತಿಮ್ಮರಾಜು ಇಂಥ ಗಿರಾಕಿಯನ್ನು ಕಂಡವನಲ್ಲ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ಅವನು ಕಂಪ್ಯೂಟರ್ ಅಂಗಡಿ ತೆರೆದು ಎರಡು ವರ್ಷವಾಗಿತ್ತು. ಬಂದವರೆಲ್ಲ ಪರದೆಯ ಮುಂದೆ ಕೂರುತ್ತಿದ್ದರೇ ಹೊರತು ಹಿಂದಕ್ಕೆ ಹೋಗಿ ನಿಂತವರು ಯಾರೂ ಇರಲಿಲ್ಲ.

"ಉಸ್ರು ಸರಿಯಾಗದೆ," ಅಂದ ಚಿಕ್ಕಸ್ವಾಮಿ. "ವಯಸ್ಸೆಷ್ಟು ಇದ್ಕೆ?"

"ಹಾಲಲ್ಲು ಯಜಮಾನ್ರೆ. ಇನ್ನೂ ಒಂದೂ ಬಿದ್ದಿಲ್ಲ."

ಎತ್ತಿನ ವಯಸ್ಸನ್ನು ಹಲ್ಲಿನಿಂದ ಹೇಳುವವರ ಈ ಮಾತು ಕೇಳಿ ಚಿಕ್ಕಸ್ವಾಮಿ ತಲೆಯೆತ್ತಿ ಆ ಹುಡುಗನನ್ನು ಅವತ್ತಿಗೆ ಮೊದಲ ಸಲ ಸರಿಯಾಗಿ ನೋಡಿದ. ಯಾರ ಮಗ ಎಂದು ಕೇಳಿದ. ಕೆ.ಆರ್. ಪೇಟೆ ಕಡೆಯವರು, ಅಪ್ಪ ದನದ ವ್ಯಾಪಾರ ಮಾಡುತ್ತಿದ್ದವರು ಎಂದು ತಿಮ್ಮರಾಜು ಹೇಳಿದ. ಅಷ್ಟಕ್ಕೇ ಚಿಕ್ಕಸ್ವಾಮಿಗೆ ಅಂಗಡಿ ಸ್ವಲ್ಪ ತನ್ನ ಅಂಗಡಿಯೇ ಅನ್ನಿಸಿತು. ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡ.

ಅರಕೆರೆಯ ಈ ಚಿಕ್ಕಸ್ವಾಮಿ ಒಂದು ಕಾಲಕ್ಕೆ ಎತ್ತು ನೋಡುವುದರಲ್ಲಿ ಹೆಸರಾದವನು. ದಲ್ಲಾಳಿಯಲ್ಲ; ಯಾರಾದರೂ ಎತ್ತು ಕೊಳ್ಳುವಾಗ ಕರೆದರೆ ಹೋಗುತ್ತಿದ್ದ, ನೋಡುತ್ತಿದ್ದ, ಹೌದು ಅಥವಾ ಬೇಡ ಅನ್ನುತ್ತಿದ್ದ, ಅವರ ಮನೆಯಲ್ಲಿ ಮುದ್ದೆ ಉಂಡು ಬಸ್ಸು ಹತ್ತುತ್ತಿದ್ದ. ನಾಗಮಂಗಲದ ಕಡೆಯ ಹೊಣಕೆರೆಯಿಂದ ಹಿಡಿದು ಪಾಂಡವಪುರದವರೆಗೆ ಅವನನ್ನು ಕರೆಯದೆ ಜೋಡಿ ಹೊಡೆದುಕೊಂಡು ಬರುವ ಧೈರ್ಯ ಬಹಳ ಜನಕ್ಕೆ ಇರಲಿಲ್ಲ. ಆಮೇಲೆ ಟ್ರಾಕ್ಟರುಗಳು ಬಂದವು. ಟ್ರಾಕ್ಟರಿಗೆ ನೋಡಲು ಮೈಮೇಲೆ ಸುಳಿ ಇಲ್ಲ, ಎಣಿಸಲು ಹಲ್ಲಿಲ್ಲ. ಈ ಐದಾರು ವರ್ಷದಲ್ಲಿ ಅವನನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಹೆಂಡತಿ ದೊಡ್ಡತಾಯಮ್ಮ ಕೂಡ ಸೊಪ್ಪು ಕೊಳ್ಳುವಾಗ ಅವನ ಮಾತು ಕೇಳುತ್ತಿರಲಿಲ್ಲ. ಅವನು ಬಾಯಿ ಬಿಟ್ಟು ಹೇಳಿದವನಲ್ಲ, ಆದರೆ ಅದರಿಂದ ಅವನಿಗೆ ನೋವಾಗಿತ್ತು.

ಹೀಗಿರುವಾಗ ಸೊಸೆ ರಂಜಿತ ಬಂದು, "ಮಾವ, ಪಟ್ಣಕ್ಕೆ ನೀವೂ ಬನ್ನಿ. ನೀವು ನೋಡಿ ಸರಿ ಅಂದ್ರೇನೆ ತಕಳ್ಳಾದು," ಅಂದಿದ್ದಳು. ಕಂಪ್ಯೂಟರು ಅಂದರೇನೆಂದೇ ತನಗೆ ಗೊತ್ತಿಲ್ಲ ಅಂತ ಚಿಕ್ಕಸ್ವಾಮಿ ಗೊಣಗಿದ. ಗೊಣಗುತ್ತಲೇ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಗಡ್ಡ ಹೆರೆದುಕೊಂಡು ಜಗಲಿಯ ಮೇಲೆ ಕೂತಿದ್ದ.

ರಂಜಿತ ಮದುವೆಗೆ ಮುಂಚೆ ಮಂಡ್ಯದಲ್ಲಿ ಕಂಪ್ಯೂಟರ್ ಕಲಿತವಳು. ತವರಿನಿಂದ ಬಂದ ಹಸುವಿನ ಹಾಲು ಮಾರಿ, ಎರಡು ಕರು ಸಾಕಿ ಮಾರಿ, ನಾಲ್ಕು ವರ್ಷದಿಂದ ದುಡ್ಡು ಕೂಡಿಸಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಊರಿನ ಮಕ್ಕಳಿಗೆ ಹೇಳಿಕೊಡಬೇಕು ಎಂಬುದು ಅವಳ ಆಸೆ. ಗಂಡ ಲೋಕೇಶ್ ಹಾಲಿನ ಸೊಸೈಟಿಯಲ್ಲಿ ಗುಮಾಸ್ತ. ಕಂಪ್ಯೂಟರ್ ಕೊಳ್ಳುವುದಕ್ಕೆ ಅವನ ತಕರಾರಿಲ್ಲ. ಆದರೆ ತಿಮ್ಮರಾಜುವಿನ ಅಂಗಡಿಯಲ್ಲಿ ಎರಡಿದ್ದವು. ಒಂದು ಸಾದಾ, ಕಾಗದಪತ್ರ ಟೈಪು ಮಾಡಲು ಸಾಕು. ಇನ್ನೊಂದಕ್ಕೆ ದೊಡ್ಡ ಪರದೆ, ಎರಡು ಸ್ಪೀಕರು, ಒಳಗೆ ಆಟಕ್ಕೆಂದೇ ಹಾಕಿದ ಬೇರೆ ಕಾರ್ಡು. ಬೆಲೆ ಸುಮಾರು ಒಂದೂವರೆ ಪಟ್ಟು. ಆಟದ ಸಾಮಾನಿಗೆ ಅಷ್ಟು ಸುರಿಯುವುದು ತಲೆ ಕೆಟ್ಟವರ ಕೆಲಸ ಎಂದು ಲೋಕೇಶ್ ಒಂದು ವಾರದಿಂದ ಹೇಳುತ್ತಿದ್ದ.

ರಂಜಿತಳ ಲೆಕ್ಕಾಚಾರ ಬೇರೆ. ಬರೀ ಟೈಪಿಂಗ್ ಕಲಿಯಲು ಅರಕೆರೆಯ ಯಾವ ಮಗುವೂ ಎರಡನೆಯ ದಿನ ಬರುವುದಿಲ್ಲ. ಆಟಕ್ಕೆ ಬರುತ್ತಾರೆ, ಬಂದವರನ್ನು ಕೂರಿಸಿ ಕಲಿಸುವುದು ತನಗೆ ಬಿಟ್ಟದ್ದು. "ಆಟ ಓಡೋದ್ರಲ್ಲಿ ಅಕ್ಷರನೂ ಓಡ್ತದೆ ಕಣ್ರೀ, ಅಕ್ಷರ ಓಡೋದ್ರಲ್ಲಿ ಆಟ ಓಡಕಿಲ್ಲ," ಎಂದು ಗಂಡನಿಗೆ ಹೇಳಿದ್ದಳು. ಮಾತು ಮುಗಿಯದೆ ಕೊನೆಗೆ ಇಬ್ಬರೂ ಒಂದಕ್ಕೆ ಒಪ್ಪಿದ್ದರು: ಅಪ್ಪ ಏನು ಹೇಳುತ್ತಾರೋ ಅದು. ಲೋಕೇಶ್ ಒಪ್ಪಿದ್ದು ಅಪ್ಪ ಇಂಥದ್ದಕ್ಕೆಲ್ಲ ಬೇಡ ಅನ್ನುತ್ತಾನೆಂಬ ಧೈರ್ಯದಿಂದ.

"ಆಟ ಆಕಿ ತೋರ್ಸಪ್ಪ," ಅಂದ ಚಿಕ್ಕಸ್ವಾಮಿ. "ಇರೋದ್ರಲ್ಲೆಲ್ಲ ಭಾರಿದು ಆಕು."

ತಿಮ್ಮರಾಜು ಕಾರು ಓಡಿಸುವ ಆಟ ಹಾಕಿದ. ಪರದೆಯ ಮೇಲೆ ಕೆಂಪು ಕಾರೊಂದು ಬೆಟ್ಟದ ರಸ್ತೆಯಲ್ಲಿ ಸುಂಯ್ಯನೆ ಹೋಯಿತು. ಮರ ಹೋಯಿತು, ಸೇತುವೆ ಹೋಯಿತು, ಸ್ಪೀಕರಿನ ಸದ್ದಿಗೆ ಗಾಜಿನ ಬಾಗಿಲು ನಡುಗಿತು. ಐದು ನಿಮಿಷ ಓಡಿಸಿ, ಹೇಗಿದೆ ಅನ್ನುವಂತೆ ಎಲ್ಲರ ಮುಖ ನೋಡಿ, ಆಟ ನಿಲ್ಲಿಸಲು ಕೈ ಹಾಕಿದ.

"ನಿಲ್ಲುಸ್ಬೇಡ," ಅಂದ ಚಿಕ್ಕಸ್ವಾಮಿ. "ಐದು ನಿಮ್ಸ ಯಾವ್ ಎತ್ತಾದ್ರೂ ಓಡ್ತದೆ. ಮರಳು ತುಂಬಿ, ಗಾಡಿ ಕಟ್ಟಿ, ಏರು ಹತ್ತುಸ್ದೆ ನಾನು ಯಾವತ್ತಾದ್ರೂ ಎತ್ತು ಸರಿ ಅಂದಿದ್ದೀನಾ? ಊಟದ ಒತ್ತಿನ್ ಗಂಟ ಓಡ್ಲಿ."

ಆಗ ಗಂಟೆ ಹತ್ತೂವರೆ. ಲೋಕೇಶ್ ಗಡಿಯಾರ ನೋಡಿಕೊಂಡು ಹೊರಗೆ ಹೋಗಿ ಟೀ ಕುಡಿದು ಬಂದ. ರಂಜಿತ ಜಾಯ್‌ಸ್ಟಿಕ್ಕು ಹಿಡಿದು ಕೂತಳು. ಒಂದು ಗಂಟೆ ಅವಳೇ ಓಡಿಸಿದಳು. ಕೈ ನೋವು ಬಂದಾಗ ಚಿಕ್ಕಸ್ವಾಮಿ, ತಾನೇ ಕೂರುತ್ತೇನೆಂದ. ಎತ್ತಿನ ಗಾಡಿಯ ಮೂಕಿಮರದ ಮೇಲೆ ಕೂತವನ ಹಾಗೆ ಒಂದು ಕಾಲು ಮಡಿಸಿ ಕುರ್ಚಿಯ ಮೇಲೆ ಕೂತು, ಜಾಯ್‌ಸ್ಟಿಕ್ಕನ್ನು ಎರಡೂ ಕೈಯಲ್ಲಿ ಹಗ್ಗದಂತೆ ಹಿಡಿದ. ತಿರುವು ಬಂದಾಗ ಬಾಯಲ್ಲಿ ಹ್ಞೂಂ ಹ್ಞೂಂ ಎಂದು ಗದರಿಸಿದ. ಏರು ಬಂದಾಗ ನಿಧಾನ ಮಾಡಿದ. ಹಿಂದಿನ ಕಾರುಗಳೆಲ್ಲ ಅವನನ್ನು ದಾಟಿಕೊಂಡು ಹೋದವು. ಜೋರಾಗಿ ಬಿಡಿ ಮಾವ ಎಂದು ರಂಜಿತ ಹೇಳಿದರೆ, ಏರಿನಲ್ಲಿ ಓಡಿಸಿದರೆ ಅದರ ಎದೆ ಒಡೆಯುವುದಿಲ್ಲವೇ ಎಂದು ಅವಳನ್ನೇ ಕೇಳಿದ. ಕಟ್ಟಕಡೆಯವನಾಗಿ ಬಂದು ತಲುಪಿದರೂ ಅವನ ಮುಖದಲ್ಲಿ ಊರು ಗೆದ್ದಷ್ಟು ಸಂತೋಷವಿತ್ತು. ಇನ್ನೊಂದು ಸುತ್ತು ಎಂದ. ಹಾಗೆ ನಾಲ್ಕು ಸುತ್ತಾಯಿತು.

ಐದನೆಯ ಸುತ್ತಿನ ನಡುವೆ ಅವನು ಕತ್ತು ವಾರೆ ಮಾಡಿ ಕಿವಿಗೊಟ್ಟ. ಸ್ಪೀಕರಿನ ಸದ್ದು ಕಡಿಮೆ ಮಾಡಿಸಿದ. ಜಾಯ್‌ಸ್ಟಿಕ್ಕನ್ನು ಸೊಸೆಯ ಕೈಗೆ ಕೊಟ್ಟು ಎದ್ದು ಹಿಂದಕ್ಕೆ ಹೋಗಿ ಅಂಗೈ ಒಡ್ಡಿದ.

"ಏದುಸ್ರು ಬುಡ್ತಾ ಅದೆ," ಅಂದ.

ಹಾಗೇನಿಲ್ಲ, ಬೇಸಿಗೆಯ ಬಿಸಿ ಅಷ್ಟೆ ಎಂದ ತಿಮ್ಮರಾಜು. ಅವನಿಗೆ ಯಾವ ಸದ್ದೂ ಕೇಳಿರಲಿಲ್ಲ, ಲೋಕೇಶನಿಗೂ ಕೇಳಿರಲಿಲ್ಲ. ಹತ್ತು ನಿಮಿಷ ಕಳೆದಿರಬಹುದು, ಕೆಂಪು ಕಾರು ಸೇತುವೆಯ ನಡುವೆ ಹಾಗೇ ನಿಂತುಬಿಟ್ಟಿತು. ರಂಜಿತ ಜಾಯ್‌ಸ್ಟಿಕ್ಕನ್ನು ಎಳೆದಳು, ಒತ್ತಿದಳು. ಏನೂ ಅಲುಗಲಿಲ್ಲ.

"ನಾನ್ ಏಳ್ಲಿಲ್ವಾ?" ಅಂದ ಲೋಕೇಶ್. "ಸಾದಾದೇ ಸಾಕು. ನಡಿ, ಅದ್ನೇ ಕಟ್ಸಾನ."

ರಂಜಿತ ಮಡಿಲಲ್ಲಿದ್ದ ದುಡ್ಡಿನ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡು, ಪರದೆಯಲ್ಲಿ ನಿಂತುಹೋದ ಕಾರನ್ನೇ ನೋಡುತ್ತಿದ್ದಳು. ನಾಲ್ಕು ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಹಾಲು ಕರೆದವಳು ಅವಳು. ಚಿಕ್ಕಸ್ವಾಮಿ ಸೊಸೆಯ ಮುಖ ನೋಡಿದ. ಬೇಡ ಅನ್ನುವುದು ಸುಲಭ. ಬೇಡ ಅಂದವನನ್ನು ಯಾರೂ ಬೈಯುವುದಿಲ್ಲ. ಆದರೆ ಕಣ್ಣೆದುರಿಗೆ ಎರಡು ಗಂಟೆ ಮುಗ್ಗರಿಸದೆ ದುಡಿದ ಪ್ರಾಣಿ ಒಂದೇ ಸಲಕ್ಕೆ ಕುಸಿದರೆ ಅದರ ತಪ್ಪೇ ಇರಬೇಕೆಂದೇನಿಲ್ಲ. ಹೊಣಕೆರೆಯ ದೇವಯ್ಯನ ಕಂದು ಎತ್ತು ಹೀಗೇ ಏರಿನಲ್ಲಿ ಮಲಗಿಬಿಟ್ಟಿತ್ತು. ಎಲ್ಲರೂ ರೋಗ ಎಂದಿದ್ದರು. ನೋಡಿದರೆ ಕೊರಳಿನ ಹಗ್ಗದ ಕಣ್ಣಿ ಬಿಗಿಯಾಗಿ ಉಸಿರು ಕಟ್ಟಿತ್ತು. ಕಣ್ಣಿ ಸಡಿಲಿಸಿದ ಮೇಲೆ ಅದು ಒಂಬತ್ತು ವರ್ಷ ಉತ್ತಿತು.

"ಮುಚ್ಚಳ ಬಿಚ್ಚಪ್ಪ," ಅಂದ ತಿಮ್ಮರಾಜುವಿಗೆ. "ಒಳಗೆ ಎಲ್ಲೋ ಕಣ್ಣಿ ಬಿಗಿದದೆ."

ತಿಮ್ಮರಾಜು ತಿರುಪು ಬಿಚ್ಚಿ ಪಕ್ಕದ ತಗಡು ತೆಗೆದ. ಅಲ್ಲಿದ್ದದ್ದು ಏನೇನೆಂದು ಚಿಕ್ಕಸ್ವಾಮಿಗೆ ಗೊತ್ತಿರಲಿಲ್ಲ, ಗೊತ್ತಿದೆಯೆಂಬಂತೆ ನಟಿಸಲೂ ಇಲ್ಲ. ಗಾಳಿ ಎಲ್ಲಿಂದ ಬರುತ್ತದೆ ತೋರಿಸು ಎಂದ. ತಿಮ್ಮರಾಜು ಅಂಗೈಯಗಲದ ಪುಟ್ಟ ಫ್ಯಾನು ತೋರಿಸಿದ. ತೋರಿಸಿದವನೇ ಬೆಪ್ಪಾದ. ಆಟದ ಕಾರ್ಡನ್ನು ಕೂರಿಸುವಾಗ ಸರಿಸಿದ್ದ ಅಗಲವಾದ ವೈರಿನ ಪಟ್ಟಿಯೊಂದು ಬಿಸಿಗೆ ಬಾಗಿ ಫ್ಯಾನಿನ ರೆಕ್ಕೆಗೆ ತಾಗಿಕೊಂಡಿತ್ತು. ಫ್ಯಾನು ತಿರುಗಲಾರದೆ ತಿರುಗುತ್ತಿತ್ತು.

"ಕೂರ್ಸಿದ್ದು ನಾನೇ ಯಜಮಾನ್ರೆ. ತಪ್ಪು ನಂದು," ಅಂದ ತಿಮ್ಮರಾಜು. ಅವನ ಕಿವಿ ಕೆಂಪಾಗಿತ್ತು.

ವೈರನ್ನು ಪಕ್ಕಕ್ಕೆಳೆದು ದಾರದಿಂದ ಕಟ್ಟಿದ್ದಾಯಿತು. ಆಟ ಮತ್ತೆ ಶುರುವಾಯಿತು. ಇನ್ನೂ ಓಡಿಸಬೇಕೇ ಎಂದು ಲೋಕೇಶ್ ಕೇಳಿದ್ದಕ್ಕೆ ಅಪ್ಪ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಮೂವರೂ ಸರದಿಯ ಮೇಲೆ ಪಕ್ಕದ ಹೋಟೆಲಿನಲ್ಲಿ ಉಂಡು ಬಂದರು. ರಂಜಿತ ಊಟಕ್ಕೆ ಹೋದಾಗ ಬೇರೆ ದಾರಿಯಿಲ್ಲದೆ ಲೋಕೇಶನೇ ಓಡಿಸಬೇಕಾಯಿತು. ಅವಳು ಬಾಳೆಹಣ್ಣು ಹಿಡಿದುಕೊಂಡು ಹಿಂದಿರುಗಿದಾಗ ಅವನು ನಾಲಿಗೆ ಕಚ್ಚಿಕೊಂಡು ಮೊದಲನೆಯ ಸ್ಥಾನಕ್ಕೆ ಹೊಡೆದಾಡುತ್ತಿದ್ದ. ಎದ್ದೇಳಿ ಅಂದರೆ ಏಳಲಿಲ್ಲ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೂರೂವರೆ ಗಂಟೆಗೆ ಚಿಕ್ಕಸ್ವಾಮಿ ಕೊನೆಯ ಸಲ ಹಿಂದಕ್ಕೆ ಹೋಗಿ ಅಂಗೈ ಒಡ್ಡಿದ. ಗಾಳಿ ಒಂದೇ ಸಮನೆ ಬರುತ್ತಿತ್ತು.

"ಸರಿ ಅದೆ," ಅಂದ. "ಆದ್ರೆ ಜೋಡಿ ಎಲ್ಲಿ?"

ತಿಮ್ಮರಾಜು ಇನ್ನೊಂದು ಕಂಪ್ಯೂಟರಿನತ್ತ ನೋಡಿದ. ಅದಲ್ಲ ಎಂದು ಚಿಕ್ಕಸ್ವಾಮಿ ಜಾಯ್‌ಸ್ಟಿಕ್ಕಿನ ಕಡೆ ಕೈ ತೋರಿಸಿದ. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಒಟ್ಟಿಗೆ ಓಡಿಸಬಹುದು ಎಂದು ಬೆಳಿಗ್ಗೆಯೇ ರಂಜಿತ ಹೇಳಿದ್ದನ್ನು ಅವನು ಮರೆತಿರಲಿಲ್ಲ. ಒಂಟಿ ಎತ್ತು ಹೊಡೆದುಕೊಂಡು ತಾನು ಯಾವತ್ತೂ ಅರಕೆರೆಗೆ ಹೋದವನಲ್ಲ, ಇನ್ನೊಂದು ಜಾಯ್‌ಸ್ಟಿಕ್ಕು ಇದೇ ಬೆಲೆಯೊಳಗೆ ಬರಬೇಕು ಎಂದ. ಬೆಲೆಯ ಮಾತು ಬಂದಾಗ ಲೋಕೇಶ್ ಮುಂದೆ ಬಂದ. ಚಿಕ್ಕಸ್ವಾಮಿ ಅವನನ್ನು ಹಿಂದಕ್ಕೆ ಸರಿಸಿ, ಹೆಗಲ ಮೇಲಿನ ಟವಲು ತೆಗೆದು ತನ್ನ ಬಲಗೈ ಮೇಲೆ ಹೊದಿಸಿ, ತಿಮ್ಮರಾಜುವಿನ ಮುಂದೆ ಚಾಚಿದ.

ತಿಮ್ಮರಾಜು ಒಂದು ಗಳಿಗೆ ನಿಂತ. ಆಮೇಲೆ ಶರಟಿನ ತೋಳು ಮಡಿಸಿ ಟವಲಿನೊಳಗೆ ಕೈ ಇಟ್ಟ. ದನದ ವ್ಯಾಪಾರದಲ್ಲಿ ಬೆಲೆ ಕುದುರಿಸುವುದು ಹೀಗೆ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು; ಅಪ್ಪ ಹೋದ ಮೇಲೆ ಅವನ ಬೆರಳನ್ನು ಯಾರೂ ಹೀಗೆ ಹಿಡಿದಿರಲಿಲ್ಲ. ಒಳಗೆ ಚಿಕ್ಕಸ್ವಾಮಿ ಎಷ್ಟು ಬೆರಳು ಹಿಡಿದನೋ, ಅವನು ಎಷ್ಟು ಬಿಡಿಸಿಕೊಂಡನೋ, ಹೊರಗಿನವರಿಗೆ ಟವಲು ಅಲುಗುವುದಷ್ಟೇ ಕಾಣುತ್ತಿತ್ತು. ತಿಮ್ಮರಾಜು ತಲೆಯಾಡಿಸಿದ. ಟವಲು ಮತ್ತೆ ಅಲುಗಿತು. ಕೊನೆಗೆ ಅವನು ಜೋರಾಗಿ ನಕ್ಕು, "ಆಯ್ತು ಬುಡಿ, ನಮ್ಮಪ್ಪ ಇದ್ದಿದ್ರೂ ನಿಮ್ ಕೈಲಿ ಗೆಲ್ತಿರ್ಲಿಲ್ಲ," ಅಂದ. ಎಷ್ಟಕ್ಕೆ ಮುಗಿಯಿತು ಎಂದು ಚಿಕ್ಕಸ್ವಾಮಿ ರಂಜಿತಳ ಕಿವಿಯಲ್ಲಿ ಮಾತ್ರ ಹೇಳಿದ. ದುಡ್ಡು ಕೊಟ್ಟ ಮೇಲೂ ಅವಳ ಚೀಲ ಪೂರ್ತಿ ಖಾಲಿಯಾಗಿರಲಿಲ್ಲ.

ಆಟೋ ಅರಕೆರೆ ತಲುಪಿದಾಗ ಇನ್ನೂ ಬಿಸಿಲಿತ್ತು. ಮನೆಗೆ ಹೊಸ ಎತ್ತು ಬಂದರೆ ಕಾಲಿಗೆ ನೀರು ಹುಯ್ಯುವುದು ದೊಡ್ಡತಾಯಮ್ಮನ ರೂಢಿ. ಅವಳು ಚೊಂಬು ಹಿಡಿದು ಹೊಸ್ತಿಲಿಗೆ ಬಂದು, ಮೂರು ರಟ್ಟಿನ ಡಬ್ಬಗಳನ್ನು ನೋಡಿ, ಎಲ್ಲಿ ಹುಯ್ಯಬೇಕೋ ತಿಳಿಯದೆ ನಿಂತಳು. ನೀರು ತಾಗಿಸಬೇಡಿ ಎಂದು ರಂಜಿತ ಓಡಿ ಬಂದಳು. ಕೊನೆಗೆ ನೀರೆಲ್ಲ ಆಟೋದ ಮುಂದಿನ ಚಕ್ರಕ್ಕೆ ಹೋಯಿತು. ಡಬ್ಬಗಳಿಗೆ ಕುಂಕುಮ ಬಿತ್ತು.

ಅವತ್ತು ಸಂಜೆ ಜೋಡಿ ಕಟ್ಟಿದರು. ಒಂದು ಜಾಯ್‌ಸ್ಟಿಕ್ಕು ಚಿಕ್ಕಸ್ವಾಮಿಯ ಕೈಯಲ್ಲಿ. ಇನ್ನೊಂದನ್ನು ಬೇಡ ಬೇಡ ಅನ್ನುತ್ತಲೇ ದೊಡ್ಡತಾಯಮ್ಮ ಹಿಡಿದಳು. ಏರಿನಲ್ಲಿ ನಿಧಾನ ಮಾಡಬೇಕೆಂದು ಅವನು ಹೇಳಿಕೊಡುವಷ್ಟರಲ್ಲಿ ಅವಳ ಹಳದಿ ಕಾರು ಸೇತುವೆ ದಾಟಿ ಹೋಗಿತ್ತು.

ಒಂದು ತಿಂಗಳಲ್ಲಿ ರಂಜಿತಳ ಕೋಣೆಯಲ್ಲಿ ಹನ್ನೊಂದು ಮಕ್ಕಳಾದರು. ಮೊದಲು ಒಂದು ಪುಟ ಟೈಪು, ಆಮೇಲೆ ಆಟ. ಅವಳ ನಿಯಮ ಅದು. ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಚಿಕ್ಕಸ್ವಾಮಿ ಕಂಪ್ಯೂಟರಿನ ಹಿಂದೆ ಹೋಗಿ ಅಂಗೈ ಒಡ್ಡಿ ನೋಡಿ, ಆಮೇಲೆಯೇ ಕಾಫಿ ಕುಡಿಯುತ್ತಿದ್ದ.

ಅಂಥ ಒಂದು ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಯಾರೋ ಇಳಿದು ಮನೆ ಕೇಳಿಕೊಂಡು ಬಂದರು. ನೋಡಿದರೆ ಹೊಣಕೆರೆಯ ದೇವಯ್ಯ. ತಲೆ ಪೂರಾ ಬೆಳ್ಳಗಾಗಿತ್ತು. ಜಗಲಿಯ ಮೇಲೆ ಕೂತು ನೀರು ಕುಡಿದ. ಆ ಕಂದು ಎತ್ತನ್ನು ನೆನೆದ. ಆಮೇಲೆ ಚಪ್ಪಲಿಯ ಕಡೆ ನೋಡುತ್ತ ಹೇಳಿದ.

"ನಮ್ಮ ಮೊಮ್ಮಗಳು ಕಂಪ್ಯೂಟ್ರು ಬೇಕು ಅಂತ ಕುಂತವ್ಳೆ ಕಣ್ ಚಿಕ್ಸ್ವಾಮಣ್ಣ. ನಂಗೆ ಅದ್ರ ತಲೆ ಬಾಲ ಗೊತ್ತಿಲ್ಲ. ನೀನು ಅದ್ನೂ ನೋಡ್ತೀಯ ಅಂತ ಯಾರೋ ಅಂದ್ರು. ನೀನು ವಸಿ ಬಂದು ನೋಡ್ಕೊಡ್ಬೇಕು."

ಚಿಕ್ಕಸ್ವಾಮಿ ಎದ್ದ. ಒಳಗೆ ಹೋದ. ಗೂಟದಲ್ಲಿದ್ದ ಟವಲು ತೆಗೆದು ಎರಡು ಸಲ ಜೋರಾಗಿ ಕೊಡವಿ, ಮಡಿಸಿ ಹೆಗಲಿಗೆ ಹಾಕಿಕೊಂಡ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಕೇಳಿದ.

"ಕಂಪ್ಯೂಟ್ರು ಯಾವೂರಲ್ಲಿ ಅದೆ?"