ತಿರುಗಿಸಿ ಹಾಕಿದ ಎಲೆ

ಕಲ್ಲಂಜಾಲು ಬೀಡಿನಲ್ಲಿ ಸತ್ತವರಿಗೆ ಬಡಿಸುವ ದಿನ ಎಂಟು ಎಲೆ ಹಾಕುತ್ತಾರೆ. ಹೆಸರು ಕರೆಯುವುದು ಏಳೇ.

ಮದುವೆಯಾಗಿ ಬಂದ ಮೊದಲ ಆಟಿ ತಿಂಗಳಲ್ಲೇ ನಾನು ಇದನ್ನು ನೋಡಿದೆ. ಆಟಿ ಎಂದರೆ ತುಳುವರ ಆಷಾಢ. ಆ ತಿಂಗಳು, ಎಂದೋ ತೀರಿಹೋದ ಹಿರಿಯರಿಗೆ ಎಲೆ ಹಾಕಿ, ಕೋಳಿ ಪದಾರ್ಥ ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಅವರು ಉಂಡರು ಎಂದಾದ ಮೇಲೆ ಬಾಗಿಲು ತೆರೆದು ಅದನ್ನೇ ನಾವು ಪ್ರಸಾದವೆಂದು ಉಣ್ಣುತ್ತೇವೆ. ಊರವರು ಅರಮನೆ ಎನ್ನುವ ಈ ಬೀಡಿನಲ್ಲಿ ಏಳು ಎಲೆ ಚಾವಡಿಯ ಒಳಗೆ. ಎಂಟನೆಯದು ಹೊಸ್ತಿಲಿನ ಆಚೆ, ಹಿಂಬದಿಯ ಜಗಲಿಯ ತುದಿಯಲ್ಲಿ, ಮಣ್ಣು ತುಂಬಿಸಿ ಮುಚ್ಚಿದ ಹಳೆಯ ಬಾವಿಯ ಎದುರು. ಅದರ ಅನ್ನವನ್ನು ಯಾರೂ ಉಣ್ಣುವುದಿಲ್ಲ, ತೋಡಿನ ನೀರಿಗೆ ಬಿಡುತ್ತಾರೆ.

"ಅತ್ತೆ, ಎಲೆ ತಿರುಗಿದೆ," ಎಂದೆ. ತುದಿ ಬಲಕ್ಕಿತ್ತು. ಉಣ್ಣುವವರ ಎಡಕ್ಕೆ ತುದಿ ಇರಬೇಕೆಂದು ಅಂಗನವಾಡಿಯ ಮಗುವಿಗೂ ಗೊತ್ತು. ಒಳಗಿನ ಏಳೂ ಹಾಗೆಯೇ ಇದ್ದವು.

ಅತ್ತೆ ಕಾಂತಿ ತಲೆ ಎತ್ತಲಿಲ್ಲ. "ಅದು ಹಾಗೇ ಹಾಕುವಂಥದ್ದು. ಕಳ್ಳಿನ ಗ್ಲಾಸು ಎಡಕ್ಕಿಡು."

"ಯಾರಿಗೆ ಇದು?"

"ನಂಗೆಂತ ಗೊತ್ತು ಮಾರಾಯ್ತಿ! ನಮ್ಮ ಅಮ್ಮ ಹಾಗೇ ಹಾಕ್ತಿದ್ರು. ಅರಮನೆಯಲ್ಲಿ ಎಲ್ಲದಕ್ಕೂ ಯಾಕೇಂತ ಕೇಳ್ಲಿಕ್ಕಿಲ್ಲ."

ಯಾರಿಗೆಂದು ನನಗೆ ಆಗಲೇ ಗೊತ್ತಾಗಿತ್ತು. ಆದರೂ ಗ್ಲಾಸನ್ನು ಎಡಕ್ಕೇ ಇಟ್ಟೆ.

ನನ್ನ ಅಮ್ಮನ ಅಪ್ಪ ಕೂಸಪ್ಪ ಎಡಚ. ಈ ಬೀಡಿನ ಒಕ್ಕಲು, ತಾಳೆ ಮರ ಹತ್ತಿ ಕಳ್ಳು ತೆಗೆಯುವವನು. ಮದುವೆ ಮನೆಯ ಊಟದ ಹಂತಿಯಲ್ಲಿ ಎಲೆಯನ್ನು ತಿರುಗಿಸಿ ಹಾಕಿಕೊಳ್ಳುತ್ತಿದ್ದನಂತೆ. "ತಿರುಗೆಲೆ ಕೂಸಪ್ಪ ಬಂದ, ಜಾಗ ಬಿಡಿ" ಎಂದು ಊರಿಡೀ ತಮಾಷೆ. "ಮನೆಯಲ್ಲಿ ನಾನು ಬೇಕೂಂತಲೇ ಅವರ ಎಡಗಡೆ ಕೂರ್ತಿದ್ದೆ. ಮೊಣಕೈಗೆ ಮೊಣಕೈ ತಾಗ್ತಿತ್ತು," ಎಂದು ಬೀಡಿ ಕಟ್ಟುತ್ತಾ ಅವನ ಹೆಂಡತಿ ಅಪ್ಪಿ ಅಜ್ಜಿ ಎಪ್ಪತ್ತರ ಹತ್ತಿರದಲ್ಲೂ ನಾಚುತ್ತಿದ್ದಳು. ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ.

ಎಪ್ಪತ್ತೈದನೇ ಇಸವಿಯ ಆಟಿಯಲ್ಲಿ ಕೂಸಪ್ಪ ಗೇಣಿ ಗದ್ದೆಯ ಡಿಕ್ಲರೇಶನ್ ಕೊಡಲೆಂದು ಬಂಟ್ವಾಳಕ್ಕೆ ಹೊರಟ. ಉಳುವವನಿಗೇ ಭೂಮಿ ಎಂದು ಕಾನೂನು ಬಂದಿತ್ತು. ಅವನೂ ಅವನ ಅಪ್ಪನೂ ಬೆನ್ನು ಮುರಿದ ಎರಡು ಎಕ್ರೆ ಗದ್ದೆ ಅವನದಾಗಬೇಕಿತ್ತು. ಅವನ ಕಾಗದ ಕಚೇರಿ ಮುಟ್ಟಲಿಲ್ಲ, ಅವನು ಮನೆ ಮುಟ್ಟಲಿಲ್ಲ. ಘಟ್ಟದ ಕಾಫಿ ತೋಟದಲ್ಲಿ ಬೇರೆ ಹೆಂಗಸಿನೊಟ್ಟಿಗೆ ಸಂಸಾರ ಹೂಡಿದ್ದಾನೆ ಎಂದು ಬೀಡಿನಿಂದಲೇ ಸುದ್ದಿ ಹೊರಟಿತು. ಅಜ್ಜಿ ಕರಿಮಣಿ ತೆಗೆಯಲಿಲ್ಲ. ಸತ್ತನೆಂದು ಗೊತ್ತಿಲ್ಲದವನಿಗೆ ಎಲೆ ಹಾಕುವಂತಿಲ್ಲ. ನಲವತ್ತೇಳು ವರ್ಷ ಅವನ ಸ್ವಂತ ಮನೆಯಲ್ಲಿ ಅವನಿಗೆ ಎಲೆ ಇರಲಿಲ್ಲ. ಕೊಂದವರ ಮನೆಯಲ್ಲಿತ್ತು. ತುದಿ ಬಲಕ್ಕೆ, ಗ್ಲಾಸು ಎಡಕ್ಕೆ, ಒಂದು ವರ್ಷವೂ ತಪ್ಪದೆ. ಕಾನೂನಿಗೆ ಹೆದರದವರು ಕುಲೆಗೆ ಹೆದರಿದ್ದರು. ಸತ್ತವನು ಹಸಿದು ಬಂದಾನೆಂದು.

ಮದುವೆಯ ಮುನ್ನಾದಿನ ಅಜ್ಜಿ ನನ್ನಲ್ಲಿ ಕೇಳಿದ್ದು ಇಷ್ಟೇ: "ಅರಮನೆಗೆ ಹೋಗ್ತಿಯಲ್ಲಾ ಮಗಾ. ದೊಡ್ಡವರು ಒಳ್ಳೆ ಮುಖದಲ್ಲಿರುವಾಗ ಒಂದು ಮಾತು ಕೇಳು. ನಿನ್ನ ಅಜ್ಜ ಇದ್ದಾರಾ, ಇಲ್ವಾ ಅಂತ. ಇಲ್ಲಾಂತಾದ್ರೆ ಒಂದು ಎಲೆ ಹಾಕ್ತೇನೆ. ಮತ್ತೆಂತದೂ ಬೇಡ."

ಆ ಎಲೆ ನೋಡಿದ ಸಂಜೆ ಗಂಡ ರೋಹಿತನನ್ನು ಹಿಡಿದು ನಿಲ್ಲಿಸಿದೆ. ಅವನು ಮೂಡುಬಿದಿರೆಯ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವನು. ಅಳಿಯಕಟ್ಟಿನ ಮನೆ, ಹಾಗಾಗಿ ಸೋದರಮಾವನ ನಂತರ ಪಟ್ಟ ಅವನಿಗೆ. ರಾಜ್ಯ ಹೋಗಿ ಇನ್ನೂರು ವರ್ಷವಾದರೂ ಭೂತಕೋಲದ ನೇಮದ ದಿನ ದೈವ ಈ ಮನೆಯವರನ್ನು 'ಅರಸು' ಎಂದೇ ಕರೆಯುತ್ತದೆ. ಒಕ್ಕಲಿನ ಹುಡುಗಿ ಅಲ್ಲಿಗೆ ಸೊಸೆಯಾಗಿ ಹೋದದ್ದನ್ನು ಸಿದ್ಧಕಟ್ಟೆಯಿಂದ ಮಡಂತ್ಯಾರಿನವರೆಗೆ ಜನ ಬಾಯಿ ತೆರೆದು ನೋಡಿದ್ದರು. ನಾನೂ ಗೆದ್ದೆನೆಂದೇ ತಿಳಿದಿದ್ದೆ.

"ನಿಂಗೆ ಗೊತ್ತಿತ್ತಾ?"

ರೋಹಿತ್ ಬೈಕಿನ ಕೀ ತಿರುಗಿಸುತ್ತಾ ನಿಂತ. "ಅರ್ಧ."

"ಅರ್ಧ ಅಂದ್ರೆ ಎಂತ? ಸೊಂಟದವರೆಗಾ, ಕುತ್ತಿಗೆವರೆಗಾ?"

"ಪ್ರಾಪ್ತಿ, ಕೇಳು. ಮೂರು ವರ್ಷದ ಹಿಂದೆ ಇಲ್ಲಿ ಪ್ರಶ್ನೆ ಇಟ್ಟಿದ್ರು. ಅನ್ಯಾಯ ಆದ ಮನೆಯ ಹೆಣ್ಣನ್ನು ಮರ್ಯಾದೆಯಲ್ಲಿ ಒಳಗೆ ತಂದ್ರೆ ದೋಷ ಹೋಗ್ತದೆ ಅಂತ ಜೋಯಿಸರು ಹೇಳಿದ್ರಂತೆ. ನಾನು ನಿನ್ನ ಹೆಸರು ಹೇಳಿದಾಗ ಅಮ್ಮ ಒಂದೇ ಮಾತಿಗೆ ಒಪ್ಪಿದ್ರು. ಯಾಕೇಂತ ನಾನು ಕೇಳ್ಲಿಲ್ಲ. ನನ್ನ ಪ್ರೀತಿ ಸುಳ್ಳಲ್ಲ, ಆಣೆ."

ಪ್ರೀತಿ ಸುಳ್ಳಲ್ಲದಿರಬಹುದು. ಆದರೆ ಅರಮನೆ ಬಾಗಿಲು ತೆರೆದದ್ದು ನನಗಲ್ಲ. ಒಬ್ಬ ಎಡಚನ ಮೊಮ್ಮಗಳಿಗೆ, ಪರಿಹಾರಕ್ಕೆ.

ಮರುದಿನ ಬೆಳಿಗ್ಗೆ ರೋಹಿತನ ಸೋದರಮಾವ ನಿತ್ಯಾನಂದ ಬಲ್ಲಾಳರು ನನ್ನನ್ನು ಮುಚ್ಚಿದ ಬಾವಿಯ ಹತ್ತಿರ ಕರೆದರು. ಸ್ವರ ಎತ್ತಿ ಮಾತಾಡುವವರಲ್ಲ ಅವರು.

"ಎಲೆಯ ವಿಷಯ ಕೇಳಿದಿಯಂತೆ."

"ಹೌದು ಮಾವ."

"ಸಿದ್ಧಕಟ್ಟೆಯಲ್ಲಿ ಪುಸ್ತಕ ಓದ್ಲಿಕ್ಕೆ ಸೇರಿ ಭಾಷಣ ಎಲ್ಲ ಮಾಡ್ತಿದ್ದಿ ಅಲ್ವಾ? ಬುದ್ಧಿವಂತೆ." ಕಾಲಿನಿಂದ ಹುಲ್ಲು ಸರಿಸಿದರು. "ಇದಕ್ಕೆ ನಲವತ್ತು ಗಾಡಿ ಮಣ್ಣು ಹೋಗಿದೆ. ನಂಗಾಗ ಇಪ್ಪತ್ತೆರಡು. ಮಾರ್ಗದಲ್ಲಿ ಹೋಗ್ತಿದ್ದಾನೆ, ಕರೆ ಅಂತ ಆಗ ಪಟ್ಟದಲ್ಲಿದ್ದ ನನ್ನ ಮಾಮ ಹೇಳಿದ್ರು. 'ಬಾ ಕೂಸಪ್ಪ' ಅಂತ ಕರೆದೆ. ನಾನು ಮಾಡಿದ್ದು ಅಷ್ಟೇ. ಆಮೇಲೆ ಈ ಮನೆಯಲ್ಲಿ ಆ ಹೆಸರನ್ನು ಯಾರೂ ಕರೀಲಿಲ್ಲ."

ಹುಲ್ಲು ಸರಿದ ಮಣ್ಣನ್ನು ನೋಡಿದೆ.

"ಹಿತ್ತಿಲಿನ ಬಾವಿ ಇನ್ನೂ ತುಂಬಿಸ್ಲಿಲ್ಲ. ನೀರು ಸೇದುವಾಗ ಜಾಗ್ರತೆ ಮಗಾ, ಕಟ್ಟೆ ಸ್ವಲ್ಪ ಸಡಿಲ ಉಂಟು." ಅದೇ ಉಸಿರಿನಲ್ಲಿ ಸೇರಿಸಿದರು: "ನಿನ್ನ ಅಜ್ಜಿಯ ಮನೆಯಡಿಯ ಜಾಗವೂ ನಮ್ಮ ಹೆಸರಲ್ಲೇ ಉಂಟು. ಪಾಪ, ಈ ಪ್ರಾಯದಲ್ಲಿ ಎಲ್ಲಿಗೆ ಹೋಗ್ತಾರೆ? ಅವರ ಹೆಸರಿಗೆ ಮಾಡಿಸುವ. ಆಗದಾ?"

ಉಳುವವನೇ ಹೊಲದೊಡೆಯ ಎಂದು ಮೈಕಿನ ಮುಂದೆ ಗಂಟಲು ಹರಿದುಕೊಂಡವಳು ನಾನು. ಎರಡು ಎಕ್ರೆ ಕಸಿದವರು ಐದು ಸೆಂಟ್ಸು ತೋರಿಸಿದಾಗ "ಆಗಬಹುದು ಮಾವ" ಎಂದೆ. ಬಾವಿಗೆ ಹೆದರಿ ಹೇಳಿದೆ ಎಂದರೆ ಅದು ಅರ್ಧ ಸತ್ಯ. ಇನ್ನರ್ಧ, ಬೀಡಿನ ಸೊಸೆಯಾಗಿರುವುದು ನನಗೆ ಹಿತವಾಗಿತ್ತು. ಬಸ್ಸಿನಲ್ಲಿ ಜನ ಎದ್ದು ಜಾಗ ಬಿಡುತ್ತಿದ್ದರು.

ದೀಪಾವಳಿಯ ಹೊತ್ತಿಗೆ ರಿಜಿಸ್ಟ್ರೇಶನ್ ಆಯಿತು. ಕಾಗದ ಹಿಡಿದುಕೊಂಡು ನಾನೇ ಹೋದೆ. ಅಜ್ಜಿ ಬೀಡಿಯ ಮೊರ ಬದಿಗಿಟ್ಟು, ಕಾಗದವನ್ನು ಕಣ್ಣಿಗೊತ್ತಿಕೊಂಡು, ಬೀಡಿನ ದಿಕ್ಕಿಗೆ ತಿರುಗಿ ಕೈ ಮುಗಿದಳು.

"ದೊಡ್ಡವರು ದೇವರಂಥವರು," ಎಂದಳು. ಆಮೇಲೆ ಮೆಲ್ಲ, "ಅಜ್ಜನ ವಿಷಯ ಕೇಳಿದಿಯಾ ಮಗಾ?"

"ಕೇಳಿದೆ ಅಜ್ಜಿ. ಯಾರಿಗೂ ಗೊತ್ತಿಲ್ಲಂತೆ."

ಅವಳ ಬೆರಳು ಕರಿಮಣಿಗೆ ಹೋಯಿತು. "ಹಾಗಾದ್ರೆ ಇರಬಹುದು," ಎಂದಳು. ಮುಖ ಅರಳಿತು.

ಆ ಮುಖವನ್ನು ನಾನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಚಾ ಕುಡಿದು ಎದ್ದು ಬಂದೆ.

ಮುಂದಿನ ಆಟಿಯಲ್ಲಿ ಅತ್ತೆಯ ಮಂಡಿ ನೋವಿನಿಂದಾಗಿ ಎಲೆ ಹಾಕುವ ಕೆಲಸ ನನಗೇ ಬಂತು. ಎಂಟನೆಯದನ್ನು ತಿರುಗಿಸಿ ಹಾಕಿದ್ದು ನನ್ನದೇ ಕೈ. "ಈಗ ನೀನು ಸರಿಯಾಗಿ ಈ ಮನೆಯವಳಾದೆ," ಎಂದರು ಅತ್ತೆ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಆ ವರ್ಷ ಮುಗಿಯುವ ಮೊದಲು ಅಜ್ಜಿ ಹೋದಳು. ಹೆಂಗಸರು ಹಣೆ ತುಂಬ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸಿ, "ಮುತ್ತೈದೆ ಸಾವು, ಪುಣ್ಯವಂತೆ" ಎಂದರು. ಪಕ್ಕದ ಮನೆಯ ಬೀಪಾತುಮ್ಮ ಮಾತ್ರ ತಲೆಯ ಬಟ್ಟೆಯ ತುದಿಯಿಂದ ಬಾಯಿ ಒತ್ತಿಕೊಂಡು, "ಪುಣ್ಯ ಎಂತದು! ಬರ್ತಾರೆ ಬರ್ತಾರೆ ಅಂತ ನಿನ್ನೆಯೂ ಎರಡು ಪಾವು ಹೆಚ್ಚು ಬೇಯಿಸಿದ್ದಾಳೆ," ಎಂದರು. ಕರಿಮಣಿ ಕೊರಳಲ್ಲೇ ಇರಲಿ ಎಂದು ಹಿರಿಯರು ಹೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅದು ಅವಳೊಂದಿಗೆ ಸುಟ್ಟುಹೋಯಿತು.

ಈ ಸಲದ ಆಟಿ. ನಡುಮಧ್ಯಾಹ್ನ. ನಿತ್ಯಾನಂದ ಬಲ್ಲಾಳರು ಚಾವಡಿಯಲ್ಲಿ ನಿಂತು ಏಳು ಹೆಸರು ಕರೆದು ಮುಗಿಸಿ, ಬಾಗಿಲು ಹಾಕಲು ಸನ್ನೆ ಮಾಡಿದರು. ನಾನು ಜಗಲಿಗೆ ಹೋಗಿ ಎಂಟನೆಯ ಎಲೆಯನ್ನು ಅನ್ನ ಸಮೇತ ಎತ್ತಿಕೊಂಡು ಹೊಸ್ತಿಲು ದಾಟಿ ಒಳಗೆ ತಂದೆ. ಏಳರ ಸಾಲಿನಲ್ಲಿ ಇಟ್ಟೆ. ತುದಿ ಬಲಕ್ಕೆ.

"ಎಂತ ಮಾಡ್ತಿ ನೀನು?" ಅತ್ತೆ ಸ್ಟೂಲಿನಿಂದ ಅರ್ಧ ಎದ್ದರು.

"ಒಬ್ಬರನ್ನು ಕರೀಲಿಕ್ಕೆ ಬಾಕಿ ಉಂಟು. ಮಾವ, ನೀವೇ ಕರೀರಿ. ನಿಮ್ಮ ಸ್ವರದ ಗುರ್ತ ಉಂಟು ಅವರಿಗೆ."

ಬಲ್ಲಾಳರು ಒಂದು ಹೆಜ್ಜೆ ಹಿಂದೆ ಸರಿದರು. "ಹೊರಗೆ ಹಾಕು ಅದನ್ನು," ಎಂದರು. "ಹೆಸರು ಹೇಳಿದ್ರೆ ಒಳಗೆ ಬರ್ತದೆ ಅದು."

"ಬರ್ಲಿ. ಊಟಕ್ಕೆ ಕರೆದದ್ದಲ್ವಾ?"

ನಾನೇ ಕರೆದೆ. "ಬಾ ಕೂಸಪ್ಪಜ್ಜ. ಕೂತ್ಕೋ."

ರೋಹಿತ್ ಗೋಡೆ ಹಿಡಿದು ನಿಂತಿದ್ದ. ನಾನೇ ಬಾಗಿಲು ಎಳೆದುಕೊಂಡೆ. ಪದ್ಧತಿಯಂತೆ ಎಲ್ಲರೂ ಹೊರಗೆ ನಿಂತೆವು. ಬಲ್ಲಾಳರು ಕಂಬಕ್ಕೆ ಒರಗಿ, ನನಗೆ ಮಾತ್ರ ಕೇಳುವಂತೆ ಹೇಳಿದರು: "ಅಜ್ಜಿಯ ಜಾಗದ ಕಾಗದ ಮಾಡಿಸಿದ್ದು ನಾನು. ನೆನಪಿರ್ಲಿ."

"ನೆನಪುಂಟು ಮಾವ. ಅಜ್ಜಿ ನಿಮಗೆ ಕೈ ಮುಗಿದದ್ದೂ ನೆನಪುಂಟು. ನಾಳೆ ಠಾಣೆಗೆ ಹೋಗಿ ಬಾವಿಯ ವಿಷಯ ಬರೆದು ಕೊಡ್ತೇನೆ. ಎರಡು ವರ್ಷ ಗೊತ್ತಿದ್ದೂ ಬಾಯಿ ಮುಚ್ಚಿದ್ದೆ ಅಂತ ಅದರಲ್ಲೇ ಬರೀತೇನೆ."

ಮುಚ್ಚಿದ ಬಾಗಿಲ ಮೇಲೆಯೇ ಬಲ್ಲಾಳರ ಕಣ್ಣಿತ್ತು. ಆ ಮುದುಕ ನಿಜವಾಗಿ ಹೆದರಿದ್ದ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಈ ಹೆಸರನ್ನು ಯಾರು ಕೇಳಬೇಕಿತ್ತೋ ಅವಳು ಬೂದಿಯಾಗಿ ಎಂಟು ತಿಂಗಳಾಗಿತ್ತು.

ಬಾಗಿಲು ತೆರೆದಾಗ ಏಳು ಎಲೆಗಳ ಮುಂದೆ ಮನೆಯವರು ಕೂರಬೇಕಿತ್ತು. ಯಾರೂ ಹೊಸ್ತಿಲು ದಾಟಲಿಲ್ಲ. ನಾನು ಹೋಗಿ ಎಂಟನೆಯದರ ಮುಂದೆ ಕೂತೆ.

"ಅದು ತೋಡಿಗೆ ಬಿಡುವಂಥದ್ದು!" ಅತ್ತೆ ಕೂಗಿದರು. "ಅದನ್ನುಂಡವಳು ಈ ಮನೆಯವಳಲ್ಲ, ನೋಡು!"

ಅನ್ನ ತಣಿದಿತ್ತು. ಎಡಗೈಯಲ್ಲಿ ಕಲಸಿದೆ. ಅಭ್ಯಾಸವಿಲ್ಲದ ಬೆರಳುಗಳಿಂದ ಅಗುಳು ಉದುರಿ ಮಡಿಲಿಗೆ ಬಿತ್ತು. ಎಡಗಡೆ ಒಂದಾಳು ಕೂರುವಷ್ಟು ಜಾಗ ಬಿಟ್ಟುಕೊಂಡಿದ್ದೆ. ಒಂದೊಂದು ತುತ್ತಿಗೂ ನನ್ನ ಮೊಣಕೈ ಆ ಖಾಲಿ ಜಾಗಕ್ಕೆ ಹೋಗುತ್ತಿತ್ತು, ಯಾರಿಗೂ ತಾಗದೆ ಹಿಂದೆ ಬರುತ್ತಿತ್ತು.